ಇಲಿಯ ಮಿದುಳಿನಲ್ಲಿ ಬಾಯಿ ಕಟ್ಟಿದ ಜೀನ್

ಅಜ್ಞಾತವಾಸಕ್ಕೆ ಹೊರಟ ಪಾಂಡವರು ಆಯುಧಗಳನ್ನು ಮುರಿದು ಹಾಕಲಿಲ್ಲ, ಬನ್ನಿಮರದಲ್ಲಿ ಬಚ್ಚಿಟ್ಟರು. ಜಂಬೂಸವಾರಿ ಹೋಗಿ ಮುಟ್ಟುವ ಮೈಸೂರಿನ ಬನ್ನಿಮಂಟಪದಲ್ಲೇ ಜೆಎಸ್‌ಎಸ್ ವೈದ್ಯಕೀಯ ಕಾಲೇಜೂ ಇದೆ. ಜೀನನ್ನು ಅಳಿಸುವುದಕ್ಕೂ ಅದರ ಬಾಯಿ ಕಟ್ಟುವುದಕ್ಕೂ ಏನು ವ್ಯತ್ಯಾಸ ಎಂದು ಅಲ್ಲಿನ ವಿದ್ಯಾರ್ಥಿ ಕೇಳಿದರೆ ಈ ಕತೆಯನ್ನೇ ತೋರಿಸಬಹುದು. ಆದರೆ ಇದೇ ವ್ಯತ್ಯಾಸ ಮಿದುಳು ವಿಜ್ಞಾನಿಗಳನ್ನು ಹತ್ತು ವರ್ಷಕ್ಕೂ ಮೇಲೆ ಸತಾಯಿಸಿತು.

ಕೆಲವು ಹೆಂಗಸರ ಎಂಆರ್‌ಐಯಲ್ಲಿ ಮಿದುಳಿನ ಹೊರಪದರದ ಕೆಳಗೆ ಇನ್ನೊಂದು ಪಟ್ಟಿ ಕಾಣುತ್ತದೆ. ಭ್ರೂಣದಲ್ಲಿ ಒಳಗಿನಿಂದ ಮೇಲಕ್ಕೆ ಸಾಗಬೇಕಿದ್ದ ನರಕೋಶಗಳು ನಡುದಾರಿಯಲ್ಲಿ ನಿಂತುಬಿಟ್ಟ ಗುರುತು ಅದು. ಇಂಥವರಿಗೆ ಫಿಟ್ಸ್ ಕಾಟ. ಎಕ್ಸ್ ಕ್ರೋಮೋಸೋಮಿನ ಮೇಲಿರುವ ಡಬಲ್‌ಕಾರ್ಟಿನ್ ಎಂಬ ಜೀನಿನ ದೋಷವೇ ಕಾರಣವೆಂದು 1998ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ತಂಡಗಳು ಕಂಡುಕೊಂಡವು. ಅಮೆರಿಕದ ತಂಡದಲ್ಲಿದ್ದ ಜೋಸೆಫ್ ಗ್ಲೀಸನ್ ಕೊನೆಗೆ ಮತ್ತೆ ಬರುತ್ತಾರೆ. 2002ರಲ್ಲಿ ಆ ಜೀನೇ ಇಲ್ಲದ ಚಿಟ್ಟಿಲಿಗಳನ್ನು ನೋಡಿದರೆ, ಅವುಗಳ ಹೊರಪದರ ನೆಟ್ಟಗೇ ಇತ್ತು!

ಅಷ್ಟರಲ್ಲಿ ಬೇರೊಂದು ಸಾಧನ ಸಿದ್ಧವಾಗುತ್ತಿತ್ತು. ಜೋಡಿ ಎಳೆಯ ಆರ್‌ಎನ್‌ಎ ಕೊಟ್ಟರೆ ಅದಕ್ಕೆ ಹೊಂದುವ ಜೀನ್ ಸುಮ್ಮನಾಗುತ್ತದೆಂದು ಆಂಡ್ರ್ಯೂ ಫೈರ್, ಕ್ರೇಗ್ ಮೆಲ್ಲೊ 1998ರಲ್ಲಿ ಪುಟ್ಟ ಹುಳುಗಳಲ್ಲಿ ತೋರಿಸಿದ್ದರು. 2006ರ ನೊಬೆಲ್ ಅದಕ್ಕೇ ಬಂತು. ಸಸ್ತನಿಗಳಲ್ಲಿ ಮಾತ್ರ ಉದ್ದನೆಯ ಎಳೆ ಹಾಕಿದರೆ ಜೀವಕೋಶ ಅದನ್ನು ವೈರಸ್ ಎಂದೇ ಬಗೆದು ಕಾಳಗಕ್ಕೆ ಇಳಿಯುತ್ತಿತ್ತು. 21 ಅಕ್ಷರಗಳ ತುಂಡಾದರೆ ತೊಂದರೆಯಿಲ್ಲ ಎಂದು 2001ರಲ್ಲಿ ಥಾಮಸ್ ಟುಶಲ್ ತಂಡ ತೋರಿಸಿತು. ಆ ತುಂಡಿನ ಪ್ರಭಾವ ಕೆಲವೇ ದಿನದ್ದು. 2002ರಲ್ಲಿ ನೆದರ್ಲೆಂಡ್ಸಿನ ರೂವೆನ್ ಅಗಾಮಿ ತಂಡವೂ ಇನ್ನೂ ಕೆಲವರೂ ಅದಕ್ಕೆ ದಾರಿ ಹುಡುಕಿದರು: ತುಂಡನ್ನು ಕೊಡುವ ಬದಲು ಅದನ್ನು ತಯಾರಿಸುವ ಬರಹವನ್ನೇ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಸೇರಿಸಿ ಒಳಗೆ ಬಿಡುವುದು. ಜೀವಕೋಶ ಅದನ್ನು ಓದಿ ಹೇರ್‌ಪಿನ್‌ನಂತೆ ಮಡಚಿದ ಆರ್‌ಎನ್‌ಎ ತಯಾರಿಸುತ್ತದೆ, ಆಮೇಲೆ ತಾನೇ ಕತ್ತರಿಸಿಕೊಳ್ಳುತ್ತದೆ. ಮೂಲ ಜೀನ್ ಇದ್ದಲ್ಲೇ ಇರುತ್ತದೆ. ಅದು ಹೊರಡಿಸಿದ ಸಂದೇಶ ಮಾತ್ರ ಹಾಳಾಗುತ್ತದೆ.

ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೋಸೆಫ್ ಲೊಟರ್ಕೊ ಅವರ ಪ್ರಯೋಗಾಲಯ ಇದನ್ನು ರ್‍ಯಾಟ್ ಎಂಬ ದೊಡ್ಡ ಇಲಿಯ ಮೇಲೆ ಹೂಡಿತು. ಕೆಲಸ ನಾಜೂಕು. ಬಸುರಿ ಇಲಿಗೆ ಅರಿವಳಿಕೆ ಕೊಟ್ಟು ಗರ್ಭಕೋಶವನ್ನು ಹೊರತೆಗೆದು, ಗಾಜಿನ ಸೂಜಿಯಿಂದ ಭ್ರೂಣದ ಮಿದುಳಿನ ಕುಹರಕ್ಕೆ ಪ್ಲಾಸ್ಮಿಡ್ ದ್ರಾವಣ ಬಿಡಬೇಕು. ಮೇಲಿಂದ ವಿದ್ಯುತ್ತಿನ ಚಿಕ್ಕ ಮಿಡಿತಗಳು. ಡಿಎನ್‌ಎ ಋಣ ವಿದ್ಯುದಂಶದ್ದು, ಧನ ಧ್ರುವದ ಕಡೆಗೇ ಓಡುತ್ತದೆ. ಹಾಗಾಗಿ ಮಿದುಳಿನ ಒಂದು ಪಕ್ಕಕ್ಕೆ ಮಾತ್ರ ಪ್ಲಾಸ್ಮಿಡ್. ಇನ್ನೊಂದು ಪಕ್ಕ ಹೋಲಿಕೆಗೆ ಪುಕ್ಕಟೆ ಸಿಕ್ಕಿತು. ಈ ಜಾಣತನ ನನಗೆ ತುಂಬ ಇಷ್ಟ. 2003ರಲ್ಲಿ ಫಲಿತಾಂಶ ಪ್ರಕಟವಾಯಿತು: ಡಬಲ್‌ಕಾರ್ಟಿನ್ ಸುಮ್ಮನಾದ ನರಕೋಶಗಳು ನಡುದಾರಿಯಲ್ಲಿ ನಿಂತು, ಮನುಷ್ಯರಲ್ಲಿ ಕಂಡಂಥದೇ ಪಟ್ಟಿ ಮೂಡಿತ್ತು. ಹುಟ್ಟಿದ ಮರಿಗಳಲ್ಲಿ ಡಬಲ್‌ಕಾರ್ಟಿನ್ ಮತ್ತೆ ಒದಗಿಸಿದರೆ ನಿಂತ ಕೋಶಗಳು ಪುನಃ ಹೊರಡುತ್ತವೆಂದೂ 2009ರಲ್ಲಿ ಅದೇ ಪ್ರಯೋಗಾಲಯ ತೋರಿಸಿತು.

ಅಳಿಸಿದರೆ ಏನೂ ಆಗದು, ಬಾಯಿ ಕಟ್ಟಿದರೆ ಆಗುತ್ತದೆ. ಇದು ಹೇಗೆ? ಹುಟ್ಟಾ ಇಲ್ಲದ ಜೀನಿನ ಕೆಲಸವನ್ನು ಅದರ ದಾಯಾದಿ ಜೀನು ವಹಿಸಿಕೊಳ್ಳುತ್ತದೆ, ಹಠಾತ್ತನೆ ಇಲ್ಲವಾದರೆ ಅಷ್ಟು ಪುರಸೊತ್ತಿರುವುದಿಲ್ಲ ಎಂಬ ವಿವರಣೆ ಸೊಗಸಾಗಿತ್ತು.

2014ರಲ್ಲಿ ಗ್ಲೀಸನ್ ತಂಡ ಕೇಳಿದ್ದು ಒರಟು ಪ್ರಶ್ನೆ. ಡಬಲ್‌ಕಾರ್ಟಿನ್ ಇಲ್ಲವೇ ಇಲ್ಲದ ಚಿಟ್ಟಿಲಿಗೆ ಅದನ್ನೇ ಸುಮ್ಮನಾಗಿಸುವ ಪ್ಲಾಸ್ಮಿಡ್ ಹಾಕಿದರೆ? ಬಾಯೇ ಇಲ್ಲದವನ ಬಾಯಿ ಕಟ್ಟಿದಂತೆ; ಏನೂ ಆಗಬಾರದಿತ್ತು. ಆದರೂ ಕೋಶಗಳು ನಿಂತವು. ಅಕ್ಷರಗಳನ್ನು ಕಲಸಿ ಬರೆದ, ಯಾವ ಜೀನಿಗೂ ಗುರಿಯಿಡದ ಕೆಲವು ಹೇರ್‌ಪಿನ್‌ಗಳೂ ಅದನ್ನೇ ಮಾಡಿದವು. ಹೇರ್‌ಪಿನ್‌ಗಳ ಭರಾಟೆಯಲ್ಲಿ ಮೈಕ್ರೊಆರ್‌ಎನ್‌ಎ ಎಂಬ ಕೋಶದ ಸ್ವಂತ ಪುಟ್ಟ ಆರ್‌ಎನ್‌ಎಗಳಲ್ಲೊಂದಾದ ಲೆಟ್-7ರ ಪ್ರಮಾಣ ಏರುಪೇರಾಗಿತ್ತು.

2009ರ ಇಲಿಗಳನ್ನು ಇದರಿಂದ ತಳ್ಳಿಹಾಕಲಾಗದು, ಡಬಲ್‌ಕಾರ್ಟಿನ್ ಕೊಟ್ಟಾಗ ಅಲ್ಲಿ ಕೋಶಗಳು ಚಲಿಸಿದ್ದು ನಿಜ. ಆದರೆ ಗ್ಲೀಸನ್ ತಂಡದ ಚಿಟ್ಟಿಲಿಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿತ್ತು: ಅದೇ ಗುರಿಯ ಆರ್‌ಎನ್‌ಎಯನ್ನು ಹೇರ್‌ಪಿನ್ ಬದಲು ಬಿಡಿ ತುಂಡಾಗಿಯೋ ಮೈಕ್ರೊಆರ್‌ಎನ್‌ಎ ರೂಪದಲ್ಲೋ ಕೊಟ್ಟಾಗ ಆ ತಡೆ ಹುಟ್ಟಲಿಲ್ಲ.