ಪ್ಯಾಕೆಟ್ ಎಲ್ಲಿಯತನಕ ಬಂತು?

"ಸರ್ವರ್ ಇಲ್ರೀ." ಹಂಸಭಾವಿಯಿರಲಿ, ಹಾನಗಲ್ಲಿರಲಿ, ಕೌಂಟರಿನ ಮುಂದೆ ಪಾಳಿ ಹಚ್ಚಿ ನಿಂತವರೆಲ್ಲ ಒಮ್ಮೆಯಾದರೂ ಕೇಳಿರುವ ಮಾತಿದು. ಬಹಳ ಸಲ ಸರ್ವರ್ ಇರುತ್ತದೆ, ಓಡುತ್ತಲೂ ಇರುತ್ತದೆ. ಅದಕ್ಕೆ ಹೋಗುವ ದಾರಿ ಎಲ್ಲೋ ಕಡಿದಿರುತ್ತದೆ.

'ಭೂಮಿ' ಯೋಜನೆ ಶುರುವಾದಾಗ ರಾಜ್ಯದ 177 ತಾಲ್ಲೂಕುಗಳ ಪಹಣಿ ದತ್ತಾಂಶ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇತ್ತು. ಹಿರೇಕೆರೂರಿನ ದಾಖಲೆ ಹಿರೇಕೆರೂರಿನಲ್ಲೇ. ಆಮೇಲೆ ಅದೆಲ್ಲ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ಈ ಹೊತ್ತಿನ ದತ್ತಾಂಶ ಕೇಂದ್ರಗಳಲ್ಲಿ ಒಂದು ಕೆಲಸಕ್ಕೆ ಒಂದು ಯಂತ್ರ ಎಂಬ ಲೆಕ್ಕ ಉಳಿದಿಲ್ಲ. ಒಂದೇ ಗಟ್ಟಿ ಯಂತ್ರದೊಳಗೆ ಹತ್ತಾರು 'ವರ್ಚುವಲ್ ಮಷೀನ್'ಗಳು ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುತ್ತವೆ. 2007ರಲ್ಲಿ ಲಿನಕ್ಸ್‌ನ ತಿರುಳಿಗೇ 'ಕೆವಿಎಂ' ಸೇರಿದ ಮೇಲೆ ಈ ಸೌಲಭ್ಯ ಸಣ್ಣ ಕಾಲೇಜಿನ ಲ್ಯಾಬಿಗೂ ಪುಕ್ಕಟೆಯಾಗಿ ದಕ್ಕಿತು.

ದಕ್ಕಿದ್ದೇನೋ ಸರಿ, ಆದರೆ ಒಳಗಿನ ಯಂತ್ರಗಳು ಹೊರಗಿನ ಲೋಕದೊಂದಿಗೆ ಮಾತಾಡಬೇಕಲ್ಲ? ನೆಟ್‌ವರ್ಕ್ ಕಾರ್ಡ್ ಇರುವುದು ಒಂದೇ. ನಾಲ್ಕು ಮನೆತನಗಳಿರುವ ವಾಡೆಗೆ ಒಂದೇ ತಲಬಾಗಿಲಿದ್ದಂತೆ. ಇಲ್ಲಿ ದಾರಿ ಎರಡು. ಎಲ್ಲರ ಟಪಾಲೂ ವಾಡೆಯ ಯಜಮಾನನ ಹೆಸರಿಗೇ ಬರುವುದು ಮೊದಲನೆಯದು, ಇದಕ್ಕೆ 'ನ್ಯಾಟ್' ಎನ್ನುತ್ತಾರೆ. ಪ್ರತಿ ಮನೆತನಕ್ಕೂ ಅದರದೇ ವಿಳಾಸವಿದ್ದು, ತಲಬಾಗಿಲು ಬರೀ ಹಾದುಹೋಗುವ ಜಾಗವಾಗುವುದು ಎರಡನೆಯದು, ಅದೇ 'ಬ್ರಿಡ್ಜ್'. ಲ್ಯಾಬಿನ ಎಲ್ಲ ಕಂಪ್ಯೂಟರುಗಳಿಂದಲೂ ವರ್ಚುವಲ್ ಮಷೀನನ್ನು ನೇರವಾಗಿ ತಲುಪಬೇಕೆಂದರೆ ಬ್ರಿಡ್ಜ್ ಬೇಕು.

ಹೊಸದಾಗಿ ಕಟ್ಟುವವರು ಎಡವುವ ಮೊದಲ ಜಾಗ ಐಪಿ ವಿಳಾಸ. ನೆಟ್‌ವರ್ಕ್ ಕಾರ್ಡನ್ನು ಬ್ರಿಡ್ಜಿಗೆ ಸೇರಿಸಿದ ಮೇಲೆ ಅದು ಬರೀ ಒಂದು ಕೊಂಡಿ. ಸರ್ವರಿನ ವಿಳಾಸ ಬ್ರಿಡ್ಜಿನ ಮೇಲಿರಬೇಕು, ಕಾರ್ಡಿನ ಮೇಲೆ ಇರಕೂಡದು. ಹಳೆಯ ಸೆಟ್ಟಿಂಗ್ ಅಳಿಸದೆ ಬಿಟ್ಟರೆ ವಿಳಾಸ ಎರಡೂ ಕಡೆ ಕೂತುಬಿಡುತ್ತದೆ. ಆಗ 'ಇದ್ದೀಯಾ?' ಎಂದು ಕೇಳುವ ಪಿಂಗ್ ಒಂದೊಂದು ಸಲ ಹೋಗುತ್ತದೆ, ಒಂದೊಂದು ಸಲ ಇಲ್ಲ. ಪೂರ್ತಿ ಕೆಟ್ಟದ್ದಕ್ಕಿಂತ ಹೀಗೆ ಅರ್ಧ ಕೆಟ್ಟದ್ದೇ ಹೆಚ್ಚು ಕಾಡುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ರೀಸ್ಟಾರ್ಟ್ ಕಡೆಗೆ ಹೋಗುತ್ತದೆ. ಅದನ್ನು ತಡೆಯಬೇಕು, ಏಕೆಂದರೆ ರೀಸ್ಟಾರ್ಟ್ ದೋಷದ ಜೊತೆಗೆ ಅದರ ಗುರುತನ್ನೂ ಒರೆಸಿಬಿಡಬಹುದು. ಅದರ ಬದಲು ಪ್ಯಾಕೆಟ್, ಅಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಣುಕು, ಎಲ್ಲಿಯತನಕ ಬಂತು ಎಂದು ನೋಡಬೇಕು. ವರ್ಚುವಲ್ ಮಷೀನಿನಿಂದ, ಹೊರಜಾಲಕ್ಕೆ ಬಾಗಿಲಾದ ಗೇಟ್‌ವೇಗೆ ಪಿಂಗ್ ಕೊಟ್ಟು, ಸರ್ವರಿನಲ್ಲಿ ಹಾದುಹೋಗುವ ಪ್ಯಾಕೆಟ್ಟುಗಳನ್ನು ತೋರಿಸುವ 'ಟಿಸಿಪಿಡಂಪ್' ಎಂಬ ಸಾಧನವನ್ನು ಮೂರು ಕಡೆ ಹಚ್ಚಿದರೆ ಸಾಕು: ಆ ಮಷೀನನ್ನು ಬ್ರಿಡ್ಜಿಗೆ ಜೋಡಿಸುವ 'ಟ್ಯಾಪ್' ಕೊಂಡಿಯಲ್ಲಿ, ಬ್ರಿಡ್ಜಿನಲ್ಲಿ, ನಿಜವಾದ ಕಾರ್ಡಿನಲ್ಲಿ. ಟ್ಯಾಪ್‌ನಲ್ಲೇ ಏನೂ ಕಾಣದಿದ್ದರೆ ತಪ್ಪು ಮಷೀನಿನ ಒಳಗಿದೆ. ಟ್ಯಾಪ್‌ನಲ್ಲಿ ಕಂಡು ಕಾರ್ಡಿನಲ್ಲಿ ಕಾಣದಿದ್ದರೆ ಸರ್ವರೇ ತಡೆದಿದೆ. ಕಾರ್ಡಿನಿಂದ ಹೊರಟು ಉತ್ತರ ಬಾರದಿದ್ದರೆ ಹೊರಗಿನ ಸ್ವಿಚ್ಚಿನ ಕಡೆ ಹೋಗಬೇಕು. ಕೆಲವು ಸ್ವಿಚ್ಚುಗಳು ಒಂದು ಪೋರ್ಟಿಗೆ ಒಂದೇ ಮ್ಯಾಕ್ ವಿಳಾಸ (ಕಾರ್ಡಿನ ಸ್ವಂತ ಗುರುತು) ಎಂದು ಬಿಗಿ ಮಾಡಿರುತ್ತವೆ. ಬ್ರಿಡ್ಜ್ ಇದ್ದಾಗ ಅದೇ ತಂತಿಯಲ್ಲಿ ಹಲವು ಮ್ಯಾಕ್ ವಿಳಾಸಗಳು ಬರುತ್ತವೆ, ಸ್ವಿಚ್ ಬಾಗಿಲು ಹಾಕುತ್ತದೆ.

ಎಲ್ಲವೂ ಸರಿಯಿದ್ದರೂ ಮಷೀನಿಗೆ ವಿಳಾಸ ಸಿಗದೆ, ಅರ್ಧ ನಿಮಿಷ ಬಿಟ್ಟು ಕೇಳಿದರೆ ಸಿಗುವುದುಂಟು. ಇದರ ಬೇರು 1985ರಲ್ಲಿದೆ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಎಂಜಿನಿಯರ್ ರೇಡಿಯಾ ಪರ್ಲ್‌ಮನ್ ಆಗ 'ಸ್ಪ್ಯಾನಿಂಗ್ ಟ್ರೀ' ಎಂಬ ಕ್ರಮವನ್ನು ರೂಪಿಸಿದರು. ಎರಡು ಬ್ರಿಡ್ಜುಗಳ ನಡುವೆ ಎರಡು ದಾರಿಗಳಿದ್ದರೆ ಒಂದೇ ಪ್ಯಾಕೆಟ್ ಸುತ್ತುತ್ತ, ಪ್ರತಿಗಳಾಗಿ ಹೆಚ್ಚುತ್ತ ಇಡೀ ಜಾಲವನ್ನು ಮುಳುಗಿಸುತ್ತದೆ. ಅವರ ಕ್ರಮ ಹೆಚ್ಚಿನ ದಾರಿಯನ್ನು ತಾನಾಗಿ ಮುಚ್ಚುತ್ತದೆ. ಹೊಸ ಕೊಂಡಿ ಸೇರಿದಾಗ 15 ಸೆಕೆಂಡು ಆಲಿಸಿ, 15 ಸೆಕೆಂಡು ಕಲಿತು, ಆಮೇಲೆ ದಾರಿ ತೆರೆಯುತ್ತದೆ. ಆ 30 ಸೆಕೆಂಡಿನಲ್ಲಿ ಮಷೀನು ವಿಳಾಸ ಕೇಳಿ ಸುಸ್ತಾಗಿರುತ್ತದೆ. ವಿಂಡೋಸ್ ಆದರೆ 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಹಚ್ಚಿಕೊಳ್ಳುತ್ತದೆ. ಹೊರಗೆ ಹೋಗುವ ತಂತಿ ಒಂದೇ ಆಗಿದ್ದರೆ ಬ್ರಿಡ್ಜಿನಲ್ಲಿ ಈ ಕ್ರಮವನ್ನು ನಿಲ್ಲಿಸಬಹುದು. ಎರಡು ತಂತಿಗಳಿದ್ದರೆ ಖಂಡಿತ ನಿಲ್ಲಿಸಬಾರದು.

ಇನ್ನೊಂದು ತೊಡಕು, ತಂತ್ರಾಂಶಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್‌ನಿಂದ ಬರುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿ ನಡೆದ ಸರ್ವರಿನಲ್ಲಿ ಯಾರೋ ಡಾಕರ್ ಹಾಕುತ್ತಾರೆ, ಅವತ್ತೇ ವರ್ಚುವಲ್ ಮಷೀನುಗಳ ಮಾತು ನಿಲ್ಲುತ್ತದೆ. 2017ರ ಆರಂಭದಲ್ಲಿ ಬಂದ 1.13ನೇ ಆವೃತ್ತಿಯಿಂದ ಡಾಕರ್, ಸರ್ವರಿನ ಮೂಲಕ ಹಾದುಹೋಗುವ ಪ್ಯಾಕೆಟ್‌ಗಳನ್ನು ಬೀಳಿಸುವಂತೆ ಫೈರ್‌ವಾಲ್‌ನ ನಿಯಮ ಬದಲಿಸುತ್ತದೆ. ಬ್ರಿಡ್ಜಿನ ಸಂಚಾರವೂ ಅದೇ ಫೈರ್‌ವಾಲಿಗೆ ಸಿಕ್ಕಿಬೀಳಬಹುದು. ಗುರುತು ಸ್ಪಷ್ಟ: ಗೇಟ್‌ವೇಯ ಮ್ಯಾಕ್ ವಿಳಾಸ ಕೇಳುವ 'ಎಆರ್‌ಪಿ' ಪ್ರಶ್ನೆಗೆ ಉತ್ತರ ಬರುತ್ತದೆ, ಪಿಂಗ್‌ಗೆ ಬರುವುದಿಲ್ಲ. ಬ್ರಿಡ್ಜಿನ ಸಂಚಾರಕ್ಕೆ ಅನುಮತಿ ಕೊಡುವ ನಿಯಮವೊಂದನ್ನು ಬರೆದರೆ ಸರಿಹೋಗುತ್ತದೆ. ಅದಕ್ಕಿಂತ ಒಳ್ಳೆಯದು, ಡಾಕರನ್ನು ಒಂದು ವರ್ಚುವಲ್ ಮಷೀನಿನ ಒಳಗೇ ಇಡುವುದು.

ಮ್ಯಾಕ್ ವಿಳಾಸವೂ ಕಾಡುವುದುಂಟು. ಒಂದು ಮಷೀನಿನ ಸಂರಚನೆಯನ್ನು ಹಾಗೇ ನಕಲಿಸಿ ಇನ್ನೊಂದು ಸರ್ವರಿನಲ್ಲಿ ಓಡಿಸಿದರೆ ಇಬ್ಬರದೂ ಒಂದೇ ಮ್ಯಾಕ್ ವಿಳಾಸವಾಗಿ, ಸಂಪರ್ಕ ಸರದಿಯಂತೆ ಒಬ್ಬರಿಂದ ಒಬ್ಬರಿಗೆ ಹಾರುತ್ತದೆ. ಮನೆಯಲ್ಲಿ ಲ್ಯಾಪ್‌ಟಾಪಿನ ವೈಫೈ ಮೇಲೆ ಬ್ರಿಡ್ಜ್ ಕಟ್ಟಲು ಹೋದವರು ಮಾತ್ರ ತಮ್ಮ ಸೆಟ್ಟಿಂಗ್‌ನಲ್ಲಿ ತಪ್ಪು ಹುಡುಕಿ ಸುಸ್ತಾಗಬೇಕಿಲ್ಲ. ವೈಫೈ ರೂಟರ್ ತನ್ನಲ್ಲಿ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸದಿಂದ ಬಂದದ್ದನ್ನಷ್ಟೇ ಒಪ್ಪುತ್ತದೆ. ಅಲ್ಲಿ ನ್ಯಾಟ್ ಸಾಕು.

ದೂರದ ಸರ್ವರಿನಲ್ಲಿ ಬ್ರಿಡ್ಜ್ ಬದಲಿಸುವಾಗ ಐದು ನಿಮಿಷ ಬಿಟ್ಟು ಹಳೆಯ ಸೆಟ್ಟಿಂಗ್ ತಾನಾಗಿ ಮರಳುವಂತೆ ಮೊದಲೇ ಆಜ್ಞೆ ಕೊಟ್ಟಿಡಬೇಕು. ಇಲ್ಲದಿದ್ದರೆ ಒಂದು ತಪ್ಪು ಸಾಲಿಗೆ ಸಂಪರ್ಕ ಕಡಿದು, ಅದನ್ನು ಸರಿಮಾಡಲು ಹಾವೇರಿಯಿಂದ ಹಂಸಭಾವಿಗೆ ಬಸ್ ಹತ್ತಬೇಕಾಗುತ್ತದೆ. ಕಲಿಯುವವರಿಗೆ ಆ ಭಯವೂ ಬೇಡ. ಲಿನಕ್ಸ್ ಇರುವ ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ 'ನೆಟ್‌ವರ್ಕ್ ನೇಮ್‌ಸ್ಪೇಸ್' ಎಂಬ ಸೌಲಭ್ಯದಿಂದ ಎರಡು ಸುಳ್ಳು ಕಂಪ್ಯೂಟರುಗಳನ್ನೂ ನಡುವೆ ಒಂದು ಬ್ರಿಡ್ಜನ್ನೂ ಹತ್ತು ಸಾಲಿನಲ್ಲಿ ಕಟ್ಟಬಹುದು. ಸ್ಪ್ಯಾನಿಂಗ್ ಟ್ರೀ ಹಾಕಿ ಪಿಂಗ್ ಕೊಟ್ಟರೆ ಆ 30 ಸೆಕೆಂಡಿನ ಕಾಯುವಿಕೆ ಕಣ್ಣೆದುರೇ ಕಾಣುತ್ತದೆ.