ಹಸಿಗಾರೆಯಲ್ಲಿ ಮೂಡುವ ಚಿತ್ರ: ಕಾವಿಕಲೆ ಮತ್ತು ಕಲಾಕಮ್ಮಟ

ಕಲಾಗ್ಯಾಲರಿ ಎಂದೊಡನೆ ಗೋಡೆಗೆ ತೂಗುಹಾಕಿದ ಚಿತ್ರಗಳನ್ನು ದೂರದಿಂದ ನೋಡಿ ಸದ್ದಿಲ್ಲದೆ ಹೊರಬರುವ ಸ್ಥಳವೆಂಬ ಕಲ್ಪನೆ ಹಲವು ವಿದ್ಯಾರ್ಥಿಗಳಲ್ಲಿದೆ. ಇಂದು ಅನೇಕ ಗ್ಯಾಲರಿಗಳು ಪ್ರದರ್ಶನದ ಜೊತೆಗೆ ಕಮ್ಮಟಗಳನ್ನೂ ಏರ್ಪಡಿಸುತ್ತವೆ. ಅಲ್ಲಿ ನೋಡಲು ಬಂದವರೇ ಮಣ್ಣು ಕಲಸುತ್ತಾರೆ, ಬಣ್ಣ ಅರೆಯುತ್ತಾರೆ, ಗೆರೆ ಎಳೆಯುತ್ತಾರೆ. ‘ಕಮ್ಮಟ’ ಎಂಬ ಪದದ ಚರಿತ್ರೆಯೂ ಇದಕ್ಕೆ ಹೊಂದುವಂಥದು. ಹಳೆಯ ಬಳಕೆಯಲ್ಲಿ ಅದು ಟಂಕಸಾಲೆ, ಅಂದರೆ ನಾಣ್ಯ ಅಚ್ಚುಹಾಕುವ ಜಾಗ. ಲೋಹಕ್ಕೆ ರೂಪ ಕೊಡುತ್ತಿದ್ದ ಸ್ಥಳದ ಹೆಸರು ಈಗ ಕಾವ್ಯ, ನಾಟಕ, ಚಿತ್ರಕಲೆಗಳನ್ನು ಕೈಯಾರೆ ಕಲಿಯುವ ಕೂಟಕ್ಕೆ ಸಂದಿದೆ.

ಹೀಗೆ ಕೈಯಾರೆ ಮಾಡಿದರೆ ಮಾತ್ರ ತಿಳಿಯುವ ಕಲೆಗಳಲ್ಲಿ ಕಾವಿಕಲೆ ಒಂದು. ಗೋವಾ, ಉತ್ತರ ಕನ್ನಡ, ಉಡುಪಿಗಳ ಕರಾವಳಿಯಲ್ಲಿ ಹಳೆಯ ದೇಗುಲಗಳ ಮತ್ತು ಮನೆಗಳ ಗೋಡೆಗಳ ಮೇಲೆ ಇದು ಉಳಿದುಬಂದಿದೆ. ಬಿಳಿಯ ಹಿನ್ನೆಲೆಯ ಮೇಲೆ ಕೆಂಪು ಬಳ್ಳಿ, ಹೂವು, ಮಂಡಲ, ರಥ, ಆನೆ, ದೇವತೆಗಳ ರೂಪಗಳು ಕಾಣುತ್ತವೆ. ಮೊದಲ ನೋಟಕ್ಕೆ ಇದು ಬಿಳಿ ಗೋಡೆಗೆ ಕೆಂಪು ಬಣ್ಣ ಬಳಿದು ಮಾಡಿದ ಕೆಲಸವೆನಿಸುತ್ತದೆ. ವಾಸ್ತವದಲ್ಲಿ ಕ್ರಮ ಅದಕ್ಕೆ ವಿರುದ್ಧವಾದುದು.

ಮೊದಲು ಗೋಡೆಗೆ ಸುಣ್ಣದ ಗಾರೆಯನ್ನು ಬಳಿಯುತ್ತಾರೆ. ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಸುಲಭವಾಗಿ ಸಿಗುತ್ತಿತ್ತು. ಅದಕ್ಕೆ ಮರಳು ಮತ್ತು ಬೆಲ್ಲದ ನೀರನ್ನು ಸೇರಿಸಿ, ಕೊಳೆಯಿಸಿ, ಚೆನ್ನಾಗಿ ಹದಗೊಳಿಸುತ್ತಿದ್ದರು. ಈ ಪದರ ಹಸಿಯಾಗಿರುವಾಗಲೇ ಅದರ ಮೇಲೆ ಕೆಮ್ಮಣ್ಣಿನ ಬಣ್ಣ ಬೆರೆಸಿದ ತೆಳುವಾದ ಕೆಂಪು ಪದರವನ್ನು ಹಚ್ಚಿ, ಕರಣೆಯಿಂದ ನುಣುಪು ಮಾಡುತ್ತಾರೆ. ಬಳಿಕ ಕೈವಾರದಿಂದ ವೃತ್ತಗಳನ್ನು ಗುರುತಿಸಿ, ಚೂಪಾದ ಉಕ್ಕಿನ ಉಪಕರಣದಿಂದ ಬೇಡವಾದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆರೆದ ಕಡೆ ಒಳಗಿನ ಬಿಳಿ ಹೊರಬರುತ್ತದೆ. ಉಳಿದ ಕೆಂಪೇ ಚಿತ್ರವಾಗುತ್ತದೆ. ಯುರೋಪಿನಲ್ಲಿಯೂ ಇದನ್ನು ಹೋಲುವ ವಿಧಾನವೊಂದಿದೆ. ಅದರ ಇಟಾಲಿಯನ್ ಹೆಸರಾದ ‘ಸ್ಗ್ರಾಫಿತೊ’ ಎಂಬುದು ಕೆರೆಯುವಿಕೆಯನ್ನೇ ಸೂಚಿಸುವ ಪದ.

ಈ ಚಿತ್ರ ಕರಾವಳಿಯ ಮಳೆಗಾಲಗಳನ್ನು ಎದುರಿಸಿ ಬಹುಕಾಲ ಉಳಿಯಲು ಸುಣ್ಣದ ಗುಣವೇ ಕಾರಣ. ಚಿಪ್ಪನ್ನು ಸುಟ್ಟಾಗ ಅದರಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಸೇರಿದಾಗ ಅದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಲ್ಲಿರುವ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಸಿಯಾಗಿದ್ದಾಗ ಬೆರೆತ ಕೆಮ್ಮಣ್ಣಿನ ಕಣಗಳು ಈ ಗಟ್ಟಿಯಾಗುವಿಕೆಯಲ್ಲಿ ಸಿಲುಕಿ ಗೋಡೆಯ ಭಾಗವೇ ಆಗಿಬಿಡುತ್ತವೆ.

ಕಮ್ಮಟದಲ್ಲಿ ಇಡೀ ಗೋಡೆಯ ಬದಲು ಚಿಕ್ಕ ಹಲಗೆಯೊಂದರ ಮೇಲೆ ಗಾರೆ ಹಾಕಿ ಇದೇ ಕ್ರಮವನ್ನು ಅಭ್ಯಾಸ ಮಾಡಿಸಬಹುದು. ಕಲಿಯುವವರಿಗೆ ಎದುರಾಗುವ ಮೊದಲ ಪಾಠ ಸಮಯದ್ದು. ಗಾರೆ ತೀರ ಹಸಿಯಾಗಿದ್ದರೆ ಗೆರೆಯ ಅಂಚು ಕುಸಿಯುತ್ತದೆ. ಒಣಗಿದರೆ ಕೆಂಪು ಪದರ ಚಕ್ಕೆಯಾಗಿ ಏಳುತ್ತದೆ. ಇವೆರಡರ ನಡುವಿನ ಹದವನ್ನು ಬೆರಳ ತುದಿಯೇ ಗುರುತಿಸಬೇಕು. ಎರಡನೆಯ ಪಾಠ ಎಚ್ಚರದ್ದು. ಕಾಗದದ ಮೇಲೆ ತಪ್ಪಿದ ಗೆರೆಯನ್ನು ಅಳಿಸಬಹುದು. ಇಲ್ಲಿ ಒಮ್ಮೆ ಕೆರೆದ ಕೆಂಪು ಮರಳಿ ಬರುವುದಿಲ್ಲ. ಆದ್ದರಿಂದ ಏನನ್ನು ಬರೆಯಬೇಕೆಂಬುದಕ್ಕಿಂತ ಏನನ್ನು ಉಳಿಸಬೇಕೆಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ. ಒಂದು ಅಂಗೈಯಗಲದ ಹೂವನ್ನು ಕೆರೆದು ಮುಗಿಸಿದವರು ಮುಂದೆ ಹಳೆಯ ದೇಗುಲದ ಗೋಡೆಯ ಮುಂದೆ ನಿಂತಾಗ ಹೂವಿನ ಅಂದದ ಜೊತೆಗೆ, ಗಾರೆ ಬಿಗಿಯುವ ಮೊದಲು ಅದನ್ನು ಮುಗಿಸಿದ ಕೈಗಳ ವೇಗವನ್ನೂ ಕಾಣಬಲ್ಲರು.

ಕೇರಳದ ಭಿತ್ತಿಚಿತ್ರ ಪರಂಪರೆಯೊಡನೆ ಇದನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಗಾರೆ ಒಣಗಿದ ಮೇಲೆ ಬಣ್ಣ ತುಂಬುತ್ತಾರೆ. ಕೆಂಪು, ಹಳದಿ, ಹಸಿರು, ಕಪ್ಪುಗಳಿಗೆ ಗೋಡೆಯ ಬಿಳಿಯೂ ಸೇರಿ ಪಂಚವರ್ಣವಾಗುತ್ತದೆ. ಭಿತ್ತಿಚಿತ್ರ ಬಣ್ಣವನ್ನು ಸೇರಿಸುತ್ತ ಬೆಳೆದರೆ ಕಾವಿಚಿತ್ರ ಬಣ್ಣವನ್ನು ಕಳೆಯುತ್ತ ಮೂಡುತ್ತದೆ. ಆದರೂ ಎರಡಕ್ಕೂ ಬೇರು ಸುಣ್ಣ ಮತ್ತು ಕೆಮ್ಮಣ್ಣು. ‘ಕಾವಿ’ ಎಂಬ ಪದ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಇರುವುದು ಎರಡು ನುಡಿಗಳ ನಡುವೆ ಬದುಕುವ ವಿದ್ಯಾರ್ಥಿಗಳಿಗೆ ಕುತೂಹಲದ ಸಂಗತಿ.

ಸಿಮೆಂಟು ಬಂದಮೇಲೆ ಸುಣ್ಣದ ಗಾರೆಯ ಕೆಲಸ ಹಿಂದೆ ಸರಿಯಿತು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಗಳು ಉರುಳಿದಾಗ ಅವುಗಳ ಮೇಲಿನ ಚಿತ್ರಗಳೂ ಹೋದವು. ಕೆಲವು ಹೊಸ ಬಣ್ಣದಡಿ ಮುಚ್ಚಿಹೋದವು. ಹೊನ್ನಾವರದ ವಿಜ್ಞಾನಿ, ಲೇಖಕ, ಛಾಯಾಗ್ರಾಹಕ ಕೃಷ್ಣಾನಂದ ಕಾಮತರು (1934–2002) ಊರೂರು ಸುತ್ತಿ ಈ ಚಿತ್ರಗಳನ್ನು ದಾಖಲಿಸಿದ್ದರಿಂದ ಕಾವಿಕಲೆ ಓದುಗರ ಗಮನಕ್ಕೆ ಬಂದಿತು. ಆದರೆ ಛಾಯಾಚಿತ್ರ ಆಕೃತಿಯನ್ನು ಉಳಿಸಬಲ್ಲದೇ ಹೊರತು ಗಾರೆಯ ಹದವನ್ನು ಉಳಿಸಲಾರದು. ಬಿರುಕುಬಿಟ್ಟ ಕಾವಿಗೋಡೆಯನ್ನು ನಾಳೆ ಸರಿಪಡಿಸಬೇಕಾದರೆ ಆ ಹದ ಬಲ್ಲ ಕೈಗಳು ಬೇಕು. ಕಮ್ಮಟಗಳ ನಿಜವಾದ ಪ್ರಯೋಜನ ಇಲ್ಲಿದೆ. ಭಾಗವಹಿಸಿದವರೆಲ್ಲ ಕಲಾವಿದರಾಗದಿದ್ದರೂ, ಇಂಥ ಗೋಡೆಯನ್ನು ಕೆಡವುವ ಮಾತು ಊರಿನಲ್ಲಿ ಬಂದಾಗ ಅದರ ಬೆಲೆ ತಿಳಿದು ಮಾತನಾಡುವವರು ಕೆಲವರಾದರೂ ಇರುತ್ತಾರೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೊಂದು ಕೆಲಸವೂ ಇದೆ. ಗಾರೆ, ಕರಣೆ, ಕೈವಾರ, ನೀರುಸುಣ್ಣ, ಕೆಮ್ಮಣ್ಣು ಮೊದಲಾದ ಪದಗಳು ಕಸುಬಿನೊಡನೆ ಬದುಕಿದವು. ಕಸುಬು ನಿಂತರೆ ಅವು ನಿಘಂಟಿಗಷ್ಟೇ ಸೀಮಿತವಾಗುತ್ತವೆ. ಗಡಿನಾಡಿನ ಊರುಗಳಲ್ಲಿ ಸುಣ್ಣದ ಕೆಲಸ ಮಾಡಿದ ಹಿರಿಯರು ಇನ್ನೂ ಇದ್ದಾರೆ. ಕಮ್ಮಟದಲ್ಲಿ ಒಮ್ಮೆ ಗಾರೆ ಕಲಸಿದ ವಿದ್ಯಾರ್ಥಿಗೆ ಅವರನ್ನು ಏನು ಕೇಳಬೇಕೆಂಬುದು ತಿಳಿದಿರುತ್ತದೆ. ಉಪಕರಣಗಳ ಹೆಸರು, ಹದವನ್ನು ಸೂಚಿಸುವ ಮಾತು, ಅಳತೆಯ ಪದಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಟ್ಟರೆ ಅದು ಪದಕೋಶಕ್ಕೂ ಪ್ರಾದೇಶಿಕ ಚರಿತ್ರೆಗೂ ಉಪಯುಕ್ತವಾದ ಸಾಮಗ್ರಿಯಾಗುತ್ತದೆ.