ಹೈಫಾ: ಕುದುರೆಗಳು ಹೋದ ಮೇಲೆ

ಸೆಪ್ಟೆಂಬರ್ 23 ಬಂತೆಂದರೆ ಮೈಸೂರು ಲ್ಯಾನ್ಸರ್ಸ್ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. 1918ರ ಅದೇ ದಿನ ಬ್ರಿಟಿಷರ ಪರವಾಗಿ ಮೈಸೂರು, ಜೋಧಪುರದ ಅಶ್ವದಳಗಳು ಮೆಷಿನ್‌ಗನ್‌ಗಳಿಗೆ ಎದುರಾಗಿ ನುಗ್ಗಿ ತುರ್ಕರ ಕೈಯಿಂದ ಹೈಫಾ ಬಿಡಿಸಿದವು. ಬೆಂಗಳೂರಿನ ಜೆ.ಸಿ. ನಗರದಲ್ಲೂ ದೆಹಲಿಯ ತೀನ್ ಮೂರ್ತಿಯಲ್ಲೂ ಅದರ ಸ್ಮಾರಕಗಳಿವೆ. ನಮ್ಮ ಬರಹಗಳಲ್ಲಿ ಕಥೆ ಅಲ್ಲಿಗೇ ನಿಂತುಬಿಡುತ್ತದೆ. ನಮ್ಮವರು ಗೆದ್ದುಕೊಟ್ಟ ಊರಿನ ಜನ ಮುಂದೆ ಏನಾದರು ಎಂದು ಯಾರೂ ಕೇಳುವುದಿಲ್ಲ. ಇದು ನನ್ನನ್ನು ಬಹಳ ಕಾಡಿದೆ. ಇಸ್ರೇಲ್–ಪ್ಯಾಲೆಸ್ಟೀನ್ ವೈರ ಸಾವಿರಾರು ವರ್ಷಗಳದ್ದು, ಬಗೆಹರಿಯದ್ದು ಎನ್ನುವವರು ಈ ಒಂದೂರಿನ ಮೂವತ್ತು ವರ್ಷಗಳನ್ನು ನೋಡಬೇಕು.

ಹೈಫಾ ಕೈಸೇರುವ ಮೊದಲೇ ಬ್ರಿಟಿಷರು ಆ ನಾಡಿನ ಬಗ್ಗೆ ಹಲವರಿಗೆ ಹಲವು ಮಾತು ಕೊಟ್ಟಿದ್ದರು. ಅರಬರಿಗೆ ಸ್ವಾತಂತ್ರ್ಯದ ಭರವಸೆ ಕೊಟ್ಟಿದ್ದರು, ಫ್ರೆಂಚರೊಂದಿಗೆ ಗುಟ್ಟಾಗಿ ಪಾಲು ಮಾಡಿಕೊಂಡಿದ್ದರು, 1917ರ ನವೆಂಬರ್ 2ರಂದು ಯಹೂದಿಗಳಿಗೆ ‘ರಾಷ್ಟ್ರೀಯ ನೆಲೆ’ ಒದಗಿಸುವುದಾಗಿ ವಿದೇಶಾಂಗ ಸಚಿವ ಬಾಲ್ಫರ್ ಪತ್ರದಲ್ಲಿ ಘೋಷಿಸಿದ್ದರು. ಅಲ್ಲಿ ಬಹುಸಂಖ್ಯಾತರಾಗಿದ್ದ ಅರಬರ ನಾಗರಿಕ, ಧಾರ್ಮಿಕ ಹಕ್ಕುಗಳ ಪ್ರಸ್ತಾಪ ಆ ಪತ್ರದಲ್ಲಿತ್ತು. ರಾಜಕೀಯ ಹಕ್ಕಿನ ಸೊಲ್ಲೇ ಇರಲಿಲ್ಲ.

ಬ್ರಿಟಿಷ್ ಆಳ್ವಿಕೆ ಬಂದ ಮೇಲೆ ನಡೆದ 1922ರ ಜನಗಣತಿಯಲ್ಲಿ ಹೈಫಾದ ಜನಸಂಖ್ಯೆ 25 ಸಾವಿರದ ಆಸುಪಾಸು. ಅದರಲ್ಲಿ ಕಾಲುಭಾಗ ಯಹೂದಿಗಳು. 1933ರಲ್ಲಿ ಹೊಸ ಬಂದರು ಶುರುವಾಯಿತು, 1935ರಲ್ಲಿ ಇರಾಕಿನ ಕಿರ್ಕುಕ್‌ನಿಂದ ಎಣ್ಣೆ ಕೊಳವೆ ಬಂತು. ಹಳ್ಳಿಗಳಲ್ಲಿ ಜಮೀನು ಕಳೆದುಕೊಂಡ ಅರಬ್ ರೈತ ಕೂಲಿಗೆ ಬಂದ. ಹಿಟ್ಲರನ ಜರ್ಮನಿಯಿಂದ ಜೀವ ಉಳಿಸಿಕೊಂಡ ಯಹೂದಿ ಹಡಗಿನಿಂದ ಇಳಿದ. ಇಬ್ಬರಿಗೂ ಹೋಗಲು ಬೇರೆ ಜಾಗವಿರಲಿಲ್ಲ. ಇಷ್ಟಾದರೂ ನಗರಸಭೆ ಒಂದೇ ಆಗಿತ್ತು. 1940ರವರೆಗೆ ಹಸನ್ ಶುಕ್ರಿ ಎಂಬ ಮುಸ್ಲಿಮರು ನಗರಾಧ್ಯಕ್ಷರಾಗಿದ್ದರು, ಅವರ ಬಳಿಕ ಇಸ್ತಾಂಬುಲ್‌ನಲ್ಲಿ ಹುಟ್ಟಿದ ಯಹೂದಿ ಶಬ್ತಾಯ್ ಲೆವಿ ಬಂದರು.

ಹೈಫಾದ ಮಸೀದಿಯೊಂದರ ಉಪದೇಶಕ ಇಝ್ಝುದ್ದೀನ್ ಅಲ್ ಕಸ್ಸಾಮ್ 1935ರ ನವೆಂಬರಿನಲ್ಲಿ ಬ್ರಿಟಿಷ್ ಪೊಲೀಸರ ಗುಂಡಿಗೆ ಬಲಿಯಾದ. ಮರುವರ್ಷ ಹೊತ್ತಿದ ಅರಬ್ ದಂಗೆ ಮೂರು ವರ್ಷ ನಡೆಯಿತು. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ನಾಡನ್ನು ಎರಡಾಗಿಸುವ ನಿರ್ಣಯ ಮಾಡಿ ಹೈಫಾವನ್ನು ಯಹೂದಿ ರಾಷ್ಟ್ರದ ಪಾಲಿಗೆ ಬರೆಯಿತು. ಡಿಸೆಂಬರ್ 30ರಂದು ತೈಲ ಶುದ್ಧೀಕರಣ ಘಟಕದ ಬಾಗಿಲಲ್ಲಿ ಕೆಲಸಕ್ಕಾಗಿ ಕಾದಿದ್ದ ಅರಬರ ಮೇಲೆ ಇರ್ಗುನ್ ಎಂಬ ಯಹೂದಿ ಸಶಸ್ತ್ರ ಸಂಘಟನೆಯವರು ಬಾಂಬ್ ಎಸೆದರು. ಆರು ಮಂದಿ ಸತ್ತರು. ಒಳಗಿದ್ದ ಅರಬ್ ಕಾರ್ಮಿಕರು ತಮ್ಮೊಂದಿಗೇ ದುಡಿಯುತ್ತಿದ್ದ 39 ಯಹೂದಿಗಳನ್ನು ಕೊಂದರು. ಮರುರಾತ್ರಿ ಬಲದ್ ಅಲ್ ಶೇಖ್ ಹಳ್ಳಿಯಲ್ಲಿ ಯಹೂದಿ ಪಡೆ ಸೇಡು ತೀರಿಸಿಕೊಂಡಿತು. ಅನುಕೂಲವಿದ್ದ ಅರಬ್ ಕುಟುಂಬಗಳು ಆ ಚಳಿಗಾಲದಲ್ಲೇ ಊರು ಬಿಟ್ಟವು.

ಇಂದಿಗೂ ಜಗಳಕ್ಕೆ ಕಾರಣವಾಗಿರುವ ದಿನ 1948ರ ಏಪ್ರಿಲ್ 22. ಬ್ರಿಟಿಷ್ ಸೇನಾಧಿಕಾರಿ ಸ್ಟಾಕ್‌ವೆಲ್ ತನ್ನ ಸೈನಿಕರನ್ನು ಊರ ನಡುವಿನಿಂದ ಹಿಂದೆಗೆದಿದ್ದ. ಯಹೂದಿಗಳ ಹಗಾನಾ ಪಡೆ ಕಾರ್ಮೆಲ್ ಬೆಟ್ಟದಿಂದ ಕೆಳಗಿನ ಅರಬ್ ಬಡಾವಣೆಗಳ ಮೇಲೆ ಇಳಿಯಿತು. ಬಂದರಿನ ಬಳಿಯ ಮಾರುಕಟ್ಟೆಯ ಮೇಲೆ ಮಾರ್ಟರ್ ಶೆಲ್‌ಗಳು ಬಿದ್ದು, ಜನ ದೋಣಿಗಳತ್ತ ಓಡಿದರು. ಅಂದೇ ನಗರಸಭೆಯಲ್ಲಿ ಸಂಧಾನ ಸಭೆ ನಡೆಯಿತು. ಶರಣಾಗತಿಗೆ ಸಹಿ ಹಾಕಲಾರೆವು, ನಮ್ಮ ಜನರನ್ನು ಸಾಗಿಸಲು ನೆರವಾಗಿ ಎಂದರು ಅರಬ್ ಮುಖಂಡರು. ಮುದುಕರಾಗಿದ್ದ ನಗರಾಧ್ಯಕ್ಷ ಲೆವಿ ಹೋಗಬೇಡಿ ಎಂದು ಅಂಗಲಾಚಿದರು.

ಇಸ್ರೇಲಿ ಕಥನ ಲೆವಿಯವರ ಮೊರೆಯನ್ನು ಎತ್ತಿ ಹಿಡಿಯುತ್ತದೆ, ಪ್ಯಾಲೆಸ್ಟೀನಿ ಕಥನ ಮಾರುಕಟ್ಟೆಯ ಶೆಲ್‌ಗಳನ್ನು. ಎರಡೂ ನಡೆದದ್ದು ಒಂದೇ ದಿನ. ಲೆವಿಯವರ ಕಣ್ಣೀರು ನಿಜವೆಂದೇ ನಾನು ನಂಬುತ್ತೇನೆ. ಆದರೆ ಶೆಲ್ ಬೀಳುವಾಗ ಮಕ್ಕಳನ್ನೆತ್ತಿಕೊಂಡು ಓಡಿದವರನ್ನು ಸ್ವಇಚ್ಛೆಯಿಂದ ಹೋದವರೆನ್ನಲು ನನಗೆ ಮನಸ್ಸು ಬಾರದು. ಮೇ ಮೊದಲ ವಾರ ಅಲ್ಲಿಗೆ ಬಂದ ಯಹೂದಿ ನಾಯಕಿ ಗೋಲ್ಡಾ ಮೆಯಿರ್, ಕಾಫಿ, ರೊಟ್ಟಿ ಹಾಗೇ ಬಿಟ್ಟುಹೋದ ಮನೆಗಳನ್ನು ಕಂಡು ಯುರೋಪಿನ ಯಹೂದಿ ಊರುಗಳ ಗತಿಯನ್ನು ನೆನೆದು ಮಾತಾಡಿದ್ದರು.

ಅರವತ್ತು ಸಾವಿರಕ್ಕೂ ಹೆಚ್ಚು ಅರಬರಿದ್ದ ಊರಲ್ಲಿ ಉಳಿದವರು ಮೂರು-ನಾಲ್ಕು ಸಾವಿರ. ಅವರನ್ನೂ ಜುಲೈನಲ್ಲಿ ವಾದಿ ನಿಸ್ನಾಸ್ ಎಂಬ ಬಡಾವಣೆಗೆ ಒಟ್ಟುಮಾಡಲಾಯಿತು. ಹಳೇಪೇಟೆಯ ಬಹುಭಾಗವನ್ನು ಕೆಡವಿಹಾಕಿದರು. ಹೋದವರು ಮರಳುವಂತಿಲ್ಲವೆಂದು ಹೊಸ ಇಸ್ರೇಲ್ ಸರ್ಕಾರ ಆ ಬೇಸಿಗೆಯಲ್ಲೇ ನಿಲುವು ತಳೆಯಿತು. ಹೆದರಿ ಓಡಿದ್ದು ಒಂದು ದಿನದ ಮಾತು, ಬಾಗಿಲು ಮುಚ್ಚಿದ್ದು ಯೋಚಿಸಿ ಕೈಗೊಂಡ ತೀರ್ಮಾನ. 1950ರ ಕಾಯ್ದೆ ಊರು ಬಿಟ್ಟವರ ಮನೆ, ಅಂಗಡಿ, ಹೊಲಗಳನ್ನು ಸರ್ಕಾರದ ಸುಪರ್ದಿಗೆ ಒಪ್ಪಿಸಿತು. ಆ ಮನೆಗಳಲ್ಲಿ ಯುರೋಪಿನ ಶಿಬಿರಗಳಿಂದ ಬದುಕಿ ಬಂದವರು ಸಂಸಾರ ಹೂಡಿದರು.